ಓಟ್ಮಾರನ ಉಂಗುರದ ಬೆರಳು

ನನ್ನ ಗಂಡ ಓಟ್ಮಾರನ ಬಗ್ಗೆ ನಮ್ಮೂರಲ್ಲಿ ಯಾರನ್ನಾದರೂ ಕೇಳಿ, ಮೊದಲು ಅವನ ಬೆರಳಿನ ಸಮಾಚಾರ ಹೇಳುತ್ತಾರೆ, ಆಮೇಲೆ ಅವನದು. ಶಾಲೆಯ ಬಸ್ಸು ಓಡಿಸುವವನು, ಯಾರಿಗೂ ಕೇಡು ಬಗೆದವನಲ್ಲ, ಮಾತು ಕಡಿಮೆ, ಬಿಯರೂ ಮಿತ. ಇದೆಲ್ಲ ಯಾರಿಗೂ ಬೇಕಿಲ್ಲ. "ಕುನಿ, ನಿನ್ನ ಗಂಡನ ಬೆರಳು ಹೇಗಿದೆ?" ಎಂದು ಬ್ರೆಡ್ಡಿನ ಅಂಗಡಿಯಲ್ಲಿ ಕೇಳುತ್ತಾರೆ, ಬಾಣಂತಿ ಕೂಸನ್ನು ವಿಚಾರಿಸಿದ ಹಾಗೆ. ಕೇಳಿ ಕೇಳಿ ಸಾಕಾಗಿ, "ಚೆನ್ನಾಗಿದೆ, ಹಾಲು ಕುಡಿದು ಮಲಗಿದೆ" ಎನ್ನುವುದನ್ನು ನಾನೂ ಕಲಿತುಬಿಟ್ಟಿದ್ದೇನೆ.

ಜರ್ಮನಿಯ ನಮ್ಮ ಫ್ರಾಂಕನ್ ಸೀಮೆಯ ಕಾಡಿನಲ್ಲಿ ಎತ್ತ ಹೋದರೂ ಬಂಡೆ. ಬಂಡೆಯ ತುಂಬ ತೂತು. ಕೆಲವು ತೂತಿಗೆ ಮೂರು ಬೆರಳು ಹೋಗುತ್ತವೆ, ಕೆಲವಕ್ಕೆ ಎರಡು, ಹಲವಕ್ಕೆ ಒಂದೇ. ಆ ಒಂದು ಬೆರಳಿನ ಮೇಲೆ ಇಡೀ ಮೈಭಾರ ಹಾಕಿ ಮೇಲಕ್ಕೆ ಹೋಗುವ ಹುಚ್ಚು ನಮ್ಮ ಕಣಿವೆಯವರಿಗೆ ತಲೆಮಾರುಗಳಿಂದ ಅಂಟಿದೆ. ಹಾಗಾಗಿ ಇಲ್ಲಿ ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಳ್ಳದ ಗಂಡಸು ಸಿಕ್ಕರೆ ಅವನು ಪಾದ್ರಿಯೋ ಪರಊರಿನವನೋ ಇರಬೇಕು.

ಓಟ್ಮಾರನನ್ನು ನಾನು ಮೊದಲು ಕಂಡದ್ದು ನಮ್ಮಪ್ಪನ ಚೆರಿ ತೋಟದ ಬೇಲಿಯ ಹತ್ತಿರ. ಬಂಡೆ ಹತ್ತಿ ಇಳಿದು ಬರುವವರಿಗೆಂದು ಶನಿವಾರ, ಭಾನುವಾರ ಅಲ್ಲೊಂದು ಮೇಜು ಹಾಕಿ ಚೆರಿ ಕೇಕು, ಕಾಫಿ ಮಾರುತ್ತಿದ್ದೆ. ಇವನು ಬಂದು ಕೂತ. ಎರಡೂ ಕೈಯ ಬೆರಳುಗಳಿಗೆ ಬಿಳಿ ಪಟ್ಟಿ. ಫೋರ್ಕ್ ಹಿಡಿಯಲಾಗದೆ ತಟ್ಟೆಗೇ ಬಾಯಿ ಹಾಕಿದ.

"ಏನಪ್ಪಾ, ಯುದ್ಧದಿಂದ ಬಂದ್ಯಾ?" ಎಂದೆ.

"ಇಲ್ಲ, ಗೂಬೆಗೋಡೆ ಬಂಡೆಯಿಂದ."

"ನಮ್ಮನೆ ಹಂದೀನೂ ಇದಕ್ಕಿಂತ ಲಕ್ಷಣವಾಗಿ ತಿನ್ನತ್ತೆ."

"ಹಂದಿಗೂ ಇಂಥ ಕೇಕ್ ಹಾಕ್ತೀರಾ?" ಎಂದು ತಲೆಯೆತ್ತಿ ನೋಡಿದ. ಮೂಗಿನ ತುದಿಗೆ ಕೆನೆ ಮೆತ್ತಿಕೊಂಡಿತ್ತು. "ಪರವಾಗಿಲ್ಲ, ತಿನ್ನಬಹುದು."

ಪರವಾಗಿಲ್ಲ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಸೀಮೆಯವರ ಬಾಯಲ್ಲಿ ಹುಟ್ಟುವುದಿಲ್ಲ. ಮರುವರ್ಷ ಮದುವೆಯಾದೆವು.

ನಮ್ಮಲ್ಲಿ ಮದುವೆಯ ಉಂಗುರ ಬಲಗೈಗೆ. ಉಂಗುರ ಹಾಕಿಕೊಂಡು ಬಂಡೆ ಹತ್ತುವಂತಿಲ್ಲ. ಕಲ್ಲಿಗೆ ಸಿಕ್ಕಿಕೊಂಡರೆ ಚರ್ಮವನ್ನು ಕೈಗವಸು ಕಳಚಿದ ಹಾಗೆ ಕಳಚಿಬಿಡುತ್ತದೆ. ಅದಕ್ಕೇ ಪ್ರತಿ ಶನಿವಾರ ಬಂಡೆಯ ಬುಡದಲ್ಲಿ ಅವನು ಉಂಗುರ ಕಳಚಿ ನನ್ನ ಹೆಬ್ಬೆರಳಿಗೆ ತೊಡಿಸುತ್ತಿದ್ದ. ಬಿಗಿಯಾಗಿ ಕೂರುತ್ತಿತ್ತು. ಅವನು ಹತ್ತಿ ಇಳಿಯುವವರೆಗೆ ಕೆಳಗೆ ನಿಂತು ಹಗ್ಗ ಹಿಡಿಯುವುದು ನನ್ನ ಪಾಲಿನ ಕೆಲಸ. ನಾನು ಹತ್ತುವುದಿಲ್ಲ. ನನಗೆ ಬುದ್ಧಿ ನೆಟ್ಟಗಿದೆ.

ಮದುವೆಯಾದ ಹೊಸತರಲ್ಲೇ ಆ ಹಾಳು ದಾರಿಯನ್ನು ಅವನು ಕಂಡುಹಿಡಿದ. ಗೂಬೆಗೋಡೆಯ ಎಡಮೂಲೆ, ಮುಂದಕ್ಕೆ ಬಾಗಿದ ಬಂಡೆ. ಮೇಲಿನಿಂದ ಹಗ್ಗ ಬಿಟ್ಟುಕೊಂಡು ಪಾಚಿ ಉಜ್ಜಿದ, ಹಗ್ಗ ಸಿಕ್ಕಿಸಲು ಉಕ್ಕಿನ ಮೊಳೆಗಳನ್ನು ಬಡಿದ, ನನ್ನ ಅಡುಗೆಮನೆಯ ಚಮಚ ಒಯ್ದು ನಡುವಿನ ಒಂದು ತೂತಿನಿಂದ ಮಣ್ಣು ಕೆರೆದು ತೆಗೆದ. ಸಂಜೆ ಮನೆಗೆ ಬಂದಾಗ ಅವನ ಮುಖ ನೋಡಬೇಕಿತ್ತು.

"ಕುನಿ, ಆ ತೂತು ಇಲ್ದಿದ್ರೆ ಆ ದಾರೀನೇ ಇಲ್ಲ. ತೋರುಬೆರಳು, ನಡುಬೆರಳು ದಪ್ಪ, ಹೋಗಲ್ಲ. ಕಿರುಬೆರಳು ಹೋಗತ್ತೆ, ತಡೆಯಲ್ಲ. ಉಂಗುರದ ಬೆರಳು ಮಾತ್ರ, ನೋಡು, ಇಲ್ಲೀತನಕ ಹೋಗತ್ತೆ! ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ."

"ಚಮಚ ಎಲ್ಲಿ?" ಎಂದೆ. ಸೊಟ್ಟಗಾಗಿತ್ತು.

ಮರುದಿನ ಮೊದಲ ಮೊಳೆಗೆ ಒಂದು ಕೆಂಪು ಪಟ್ಟಿ ಕಟ್ಟಿದ. ಅದರ ಅರ್ಥ ಇಷ್ಟೇ: ಈ ದಾರಿಯನ್ನು ಇನ್ನೂ ಯಾರೂ ಹತ್ತಿಲ್ಲ, ಇದನ್ನು ಹುಡುಕಿದವನು ಹತ್ತುತ್ತಿದ್ದಾನೆ, ಅವನು ಹಗ್ಗಕ್ಕೆ ಜೋತುಬೀಳದೆ ಒಂದೇ ಓಟಕ್ಕೆ ಮೇಲೆ ಮುಟ್ಟುವವರೆಗೆ, ಇಲ್ಲವೇ ತಾನಾಗಿ ಪಟ್ಟಿ ಬಿಚ್ಚುವವರೆಗೆ, ಬೇರೆಯವರು ಕೈ ಹಾಕಬಾರದು. ಹತ್ತಿದವನು ಬುಡದಲ್ಲಿ ಕೆಂಪು ಬೊಟ್ಟು ಇಟ್ಟು ದಾರಿಗೆ ಹೆಸರಿಡುತ್ತಾನೆ. ಇದಕ್ಕೆ ಕಾಯಿದೆಯಿಲ್ಲ, ಪೊಲೀಸರಿಲ್ಲ. ಬೀಗ ಹಾಕಿದ ಸೈಕಲ್ಲನ್ನೇ ಕದಿಯುವ ಕಾಲದಲ್ಲಿ ಆ ಗೇಣುದ್ದದ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ.

ಆ ಬೇಸಿಗೆಯ ಕೊನೆಗೇ ಬೆರಳು ಹರಿಯಿತು. ಅವನು ಉಂಗುರದ ಬೆರಳನ್ನು ತೂತಿಗೆ ತೂರಿಸಿ, ಉಳಿದ ಬೆರಳುಗಳನ್ನು ಅಂಗೈಗೆ ಮಡಚಿ ಮೈ ಮೇಲಕ್ಕೆಳೆದ. ಹಾಗೆ ಮಡಚಿದರೆ ಬಲ ಹೆಚ್ಚು, ಅಪಾಯವೂ ಹೆಚ್ಚು. ಇಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಹಾಗೇ ಮಾಡುತ್ತಾರೆ. ಟಪ್ ಎಂದಿತು. ಕೆಳಗೆ ನಿಂತ ನಾನು ಒಣ ಕಡ್ಡಿ ತುಳಿದೆನೇನೋ ಎಂದು ಕಾಲಡಿ ನೋಡಿಕೊಂಡೆ.

"ಕುನಿ, ಇಳಿಸು," ಎಂದ ಮೇಲಿನಿಂದ, ಬಹಳ ಮೆತ್ತಗೆ.

ಪಟ್ಟಣದ ಡಾಕ್ಟರು ಬೆರಳನ್ನು ಒತ್ತಿ ನೋಡಿ ನಕ್ಕರು. ದಿನಕ್ಕೆ ಅಂಥ ಎಷ್ಟು ಬೆರಳು ನೋಡುತ್ತಿದ್ದರೋ. ಬೆರಳನ್ನು ಎಳೆಯುವ ಹುರಿ ಮೂಳೆಗೆ ಅಂಟಿಕೊಂಡು ಓಡಬೇಕಂತೆ, ಲಾಡಿ ಚಡ್ಡಿಯ ನೇಫೆಯೊಳಗೆ ಓಡಿದ ಹಾಗೆ. ಇವನದು ನೇಫೆ ಹರಿದಿತ್ತು. ಜೊತೆಗೆ ಅಂಗೈಯೊಳಗೂ ಎಲ್ಲೋ ಸೀಳಿತ್ತು. "ಹೊಲಿಯೋದು ಬೇಡ, ತಾನೇ ಕೂಡಿಕೊಳ್ಳತ್ತೆ. ಸುಮ್ಮನೆ ಬಿಡಬೇಕು ಅಷ್ಟೆ," ಎಂದರು.

ಸುಮ್ಮನೆ ಬಿಡುವುದು! ನೋವು ತಿಂಗಳಿಗೆಲ್ಲ ಹೋಗುತ್ತದೆ. ವಾಸಿಯಾಗುವುದು ಅದಕ್ಕಿಂತ ಎಷ್ಟೋ ತಡ. ಈ ಎರಡರ ನಡುವಿನ ಕಾಲದಲ್ಲೇ ನಮ್ಮ ಕಣಿವೆಯ ಗಂಡಸರೆಲ್ಲ ಹಾಳಾಗಿರುವುದು. ಬೆಳಿಗ್ಗೆ ಎದ್ದು ಬೆರಳು ಮಡಚಿ, "ನೋವೇ ಇಲ್ಲ ಕಣೇ!" ಎನ್ನುತ್ತಾರೆ. ಸಂಜೆ ಬೆರಳನ್ನು ಫ್ರಿಜ್ಜಿನ ಮಂಜುಗಟ್ಟಿದ ಬಟಾಣಿ ಪೊಟ್ಟಣದಡಿ ಇಟ್ಟುಕೊಂಡು ಕೂತಿರುತ್ತಾರೆ.

ನಮ್ಮ ಮನೆಯಲ್ಲೂ ಅದೇ ಕಥೆ ವರ್ಷ ವರ್ಷ ನಡೆಯಿತು. ವಸಂತದಲ್ಲಿ ಗೂಬೆಗೋಡೆಯ ಮೇಲೆ ಡೇಗೆ ಹಕ್ಕಿ ಮೊಟ್ಟೆಯಿಡುತ್ತದೆ, ಆಗ ಯಾರೂ ಹತ್ತಿರ ಸುಳಿಯುವಂತಿಲ್ಲ. ಮರಿ ಹಾರಿದವೆಂದರೆ ಚೆರಿ ಹಣ್ಣಿನ ಸುಗ್ಗಿ, ಏಣಿ ಬಿಟ್ಟು ಇಳಿಯುವಂತಿಲ್ಲ. ಅದು ಮುಗಿದು ಮಂಜು ಬೀಳುವವರೆಗಿನ ಚೂರು ಕಾಲ ಅವನದು. ಆ ಚೂರು ಕಾಲಕ್ಕಾಗಿ ವರ್ಷವಿಡೀ ಬೆರಳನ್ನು ಸಾಕುತ್ತಿದ್ದ. ಎಲೆ ಉದುರುವ ಹೊತ್ತಿಗೆ ಮತ್ತೆ ಹರಿದುಕೊಂಡು ಬರುತ್ತಿದ್ದ. ಮಾರ್ಕ್ ಹೋಗಿ ಯೂರೋ ಬಂತು. ಕೆಂಪು ಪಟ್ಟಿ ಬಿಸಿಲಿಗೆ ಬೆಳ್ಳಗಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಬಿಯರ್ ಲಾರಿ ಓಡಿಸುವ ಹೈನರ್, ಓಟ್ಮಾರನ ಶಾಲೆಯ ಕಾಲದ ಗೆಳೆಯ, "ಇವನ ಪಟ್ಟಿ ಒಗೆದು ಇಸ್ತ್ರಿ ಮಾಡಿ ಮತ್ತೆ ಕಟ್ಟೋ ಕಾಲ ಬಂತು" ಎಂದು ಹೋಟೆಲಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಓಟ್ಮಾರ್ ತಾನೂ ನಗುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಬೆರಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಪಟ್ಟಣದಲ್ಲಿ ಹಲ್ಲಿನ ಸೆಟ್ಟು ಕಟ್ಟುವ ಕೆಲಸ ಮಾಡುವ ಫ್ರೋನಿ ಎಂಬವಳೊಬ್ಬಳಿದ್ದಳು, ನಮ್ಮ ಕಣಿವೆಯಲ್ಲೇ ಅವಳಷ್ಟು ಚೆನ್ನಾಗಿ ಹತ್ತುವವರಿರಲಿಲ್ಲ. ಕಡ್ಡಿಯಂಥ ಬೆರಳು. ಅವಳು ಪ್ರತಿ ಬೇಸಿಗೆ ಗೂಬೆಗೋಡೆಯ ಕೆಳಗೆ ನಿಂತು ಆ ದಾರಿಯನ್ನು ನೋಡುತ್ತಿದ್ದಳು, ಪಟ್ಟಿಯನ್ನು ನೋಡುತ್ತಿದ್ದಳು, "ನಮಸ್ಕಾರ ಓಟ್ಮಾರ್" ಎಂದು ಮುಂದೆ ಹೋಗುತ್ತಿದ್ದಳು. ಒಂದು ದಿನವೂ ಕೇಳಲಿಲ್ಲ. ಅದನ್ನು ಅವಳ ಮರ್ಯಾದೆ ಎನ್ನಬೇಕು.

ಇದರ ನಡುವೆ ಒಂದು ಶನಿವಾರ, ಬಂಡೆಯಿಂದ ಇಳಿದವನಿಗೆ ಉಂಗುರ ತೊಡಿಸಲು ಹೋದೆ. ಗೆಣ್ಣಿನ ಹತ್ತಿರ ನಿಂತಿತು. ಒತ್ತಿದೆ, ತಿರುಗಿಸಿದೆ, ಮನೆಗೆ ಹೋಗಿ ಸೋಪು ಹಚ್ಚಿದೆ. ಊಹೂಂ. ಹರಿದು ಕೂಡಿ, ಹರಿದು ಕೂಡಿ, ಗೆಣ್ಣು ದಪ್ಪಗಾಗಿತ್ತು.

"ಅಕ್ಕಸಾಲಿಗನ ಹತ್ರ ಕೊಡೋಣ, ಸ್ವಲ್ಪ ಹಿಗ್ಗಿಸಿಕೊಡ್ತಾನೆ," ಎಂದೆ.

"ಬೇಡ. ಬಾವು ಅದು, ಇಳಿಯತ್ತೆ. ಬೆರಳು ಮೊದಲಿನ ಹಾಗಾದ ಮೇಲೆ ಉಂಗುರ ಸಡಿಲವಾಗಿ ಎಲ್ಲೋ ಬಿದ್ದುಹೋದ್ರೆ?"

ಅಂತೂ ಉಂಗುರ ನನ್ನ ಹೆಬ್ಬೆರಳಲ್ಲೇ ಉಳಿಯಿತು. ಹಿಟ್ಟು ನಾದುವಾಗ, ಹಣ್ಣು ಕೀಳುವಾಗ, ಚರ್ಚಿನಲ್ಲಿ ಕೈಮುಗಿಯುವಾಗ, ಅಲ್ಲೇ. ಎರಡು ಉಂಗುರ ತೊಟ್ಟ ಹೆಂಗಸನ್ನು ಕಂಡರೆ ನಮ್ಮ ಕಡೆ ವಿಧವೆ ಎಂದುಕೊಳ್ಳುತ್ತಾರೆ. ಚೆರಿ ಕೊಳ್ಳಲು ಬಂದ ಒಬ್ಬ ಮುದುಕಿ, "ಯಾವಾಗ ಹೋದ್ರಮ್ಮಾ ಯಜಮಾನ್ರು?" ಎಂದು ಕಣ್ಣೀರು ತಂದುಕೊಂಡು ಕೇಳಿದಳು. ಯಜಮಾನರು ಅವಳ ಬೆನ್ನ ಹಿಂದೆಯೇ ಬುಟ್ಟಿ ಜೋಡಿಸುತ್ತಿದ್ದರು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಶರತ್ಕಾಲದಲ್ಲಿ ಬೆರಳು ಹಿಂದೆಂದಿಗಿಂತ ಕೆಟ್ಟದಾಗಿ ಹರಿಯಿತು. ಬಸ್ಸಿನ ಗೇರು ಹಾಕಲೂ ಕಷ್ಟ. ನನಗೆ ರೇಗಿಹೋಯಿತು. "ಕೇಳಿಸ್ಕೋ ಓಟ್ಮಾರ್," ಎಂದೆ, "ಮುಂದಿನ ವರ್ಷ ಚೆರಿ ಸುಗ್ಗಿ ಮುಗಿಯೋವರೆಗೂ ಬಂಡೆ ಕಡೆ ತಲೆ ಹಾಕಿ ಮಲಗಬಾರದು. ಅದಕ್ಕೆ ಮುಂಚೆ ಹತ್ತಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು, ನಾನು ಹಗ್ಗ ಹಿಡಿಯಲ್ಲ. ನಿನ್ನ ಪಾಡಿಗೆ ನೀನು ಬಿದ್ದು ಸಾಯಿ."

"ಆಯ್ತು," ಎಂದ. ಜಗಳಕ್ಕೆ ಸಿದ್ಧಳಾಗಿದ್ದ ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಮಾತು ಉಳಿಸಿಕೊಂಡ. ಚಳಿಗಾಲವಿಡೀ ಒಣ ಬಟಾಣಿ ತುಂಬಿದ ಬೋಗುಣಿಯಲ್ಲಿ ಕೈಯಿಟ್ಟು ಹಿಸುಕುತ್ತ ಕೂತ. ಆಮೇಲೆ ಕಾಲನ್ನು ನೆಲಕ್ಕೆ ಊರಿಕೊಂಡೇ ಅಡುಗೆಮನೆಯ ಬಾಗಿಲ ಮೇಲಿನ ಮರದ ಪಟ್ಟಿಗೆ ಕೈ ಜೋತುಬಿಟ್ಟ, ದಿನಕ್ಕಿಷ್ಟು ಭಾರ ಹೆಚ್ಚಿಸಿದ. ನಾನು ಬಿಸಿ ಸೂಪಿನ ಪಾತ್ರೆ ಹಿಡಿದು ಅವನ ಕಂಕುಳಡಿ ನುಸುಳಿ ಓಡಾಡಿದೆ. ಅವನು ಅಷ್ಟು ತಾಳ್ಮೆಯಿಂದ ಇದ್ದದ್ದನ್ನು ನಾನು ಕಂಡೇ ಇರಲಿಲ್ಲ. ವಯಸ್ಸು ಐವತ್ತು ದಾಟಿತ್ತು. ಇದು ಕೊನೆಯ ಸಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡಾಕ್ಟರು ಬೆರಳು ಒತ್ತಿ ನೋಡಿ, "ಈಗ ಗಟ್ಟಿ. ಹೋಗು," ಎಂದರು.

ಚೆರಿ ಮುಗಿದ ವಾರ ಗೂಬೆಗೋಡೆಗೆ ಹೋದೆವು. ಹೈನರನೂ ಬಂದ, ಬಿಯರಿನೊಂದಿಗೆ. ಓಟ್ಮಾರ್ ಹತ್ತಿದ್ದನ್ನು ನೋಡಿ ನನಗೇ ಆಶ್ಚರ್ಯ. ಹಗುರವಾಗಿ, ಅವಸರವಿಲ್ಲದೆ, ಮನೆಯ ಮೆಟ್ಟಿಲು ಹತ್ತಿದ ಹಾಗೆ. ತೂತಿನ ಹತ್ತಿರ ಹೋದ. ಕೈಯೆತ್ತಿದ. ಬೆರಳಿಟ್ಟ.

ಬೆರಳು ಹೋಗಲಿಲ್ಲ.

ಮೊದಲ ಗೆಣ್ಣಿನ ತನಕ ಹೋಗಿ ನಿಂತಿತು. ಅವನು ಮತ್ತೆ ಒತ್ತಿದ, ಓರೆ ಮಾಡಿದ, ಕೈ ಸೋತು ಹಗ್ಗಕ್ಕೆ ಬಿದ್ದ. ಬೆರಳಿನ ಬಿಳಿ ಪಟ್ಟಿ ಬಿಚ್ಚಿ ನೋಡಿದ. ಎಂಜಲು ಹಚ್ಚಿ ನೋಡಿದ. ಕೆಳಗಿನಿಂದ ಹೈನರ್, "ಬೆಣ್ಣೆ ಕಳಿಸ್ಲೇನೋ?" ಎಂದು ಕೂಗಿದ. ತಮಾಷೆಗೆಂದೇ ಕೂಗಿದ್ದು. ಓಟ್ಮಾರ್, "ಕಳಿಸು" ಎಂದ. ನನ್ನ ಬುತ್ತಿಯ ಬ್ರೆಡ್ಡಿನಿಂದ ಬೆಣ್ಣೆ ಕೆರೆದು ಹಗ್ಗಕ್ಕೆ ಕಟ್ಟಿ ಕಳಿಸಿದೆವು. ಅದೂ ಆಗಲಿಲ್ಲ.

ನಾನು ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಆ ಉಂಗುರ ಅವನ ಬೆರಳಿಗೆ ಹೋಗದೆ ವರ್ಷಗಳಾಗಿದ್ದವು. ಉಂಗುರಕ್ಕೆ ಹೋಗದ ಬೆರಳು ತೂತಿಗೆ ಹೇಗೆ ಹೋದೀತು? ಬೆರಳು ಗಟ್ಟಿಯಾಯಿತೇ, ನೋವು ಹೋಯಿತೇ ಎಂದು ಹಗಲೂ ಇರುಳೂ ಕೇಳಿದೆವು. ದಪ್ಪ ಎಷ್ಟಾಯಿತು ಎಂದು ಕೇಳಲು ಡಾಕ್ಟರಿಗೂ ಹೊಳೆಯಲಿಲ್ಲ, ಅವನಿಗೂ ಇಲ್ಲ, ಕಣ್ಣೆದುರಿಗೇ ಉಂಗುರ ಇಟ್ಟುಕೊಂಡ ನನಗೂ ಇಲ್ಲ. ಗೆಣ್ಣು ದಪ್ಪಗಾದ ಮೇಲಿನ ವರ್ಷಗಳಲ್ಲಿ ತೂತಿನವರೆಗೆ ಮುಟ್ಟುವ ಮೊದಲೇ ಕೆಳಗಿನ ಹಿಡಿತಗಳಲ್ಲೇ ಬೆರಳು ಹರಿದುಕೊಳ್ಳುತ್ತಿತ್ತಲ್ಲ, ಹಾಗಾಗಿ ತೂರಿಸಿ ನೋಡಿದವರೇ ಇರಲಿಲ್ಲ.

ಇಳಿದು ಬಂದು ಬೇರಿನ ಮೇಲೆ ಕೂತ. ಹೈನರ್ ಬಿಯರ್ ತೆರೆದು ಕೈಗಿಟ್ಟ.

"ನೋಡು, ಹೇಳ್ತೀನಿ, ಬೈಬೇಡ," ಎಂದ ಹೈನರ್. "ಒಂದು ಕೂದಲೆಳೆಯಷ್ಟು ಕಲ್ಲು. ಉಳಿ ಇಟ್ಟು ಎರಡು ಏಟು. ಹೇಗಿದ್ರೂ ಆ ತೂತಿನ ಮಣ್ಣು ತೆಗೆದೋನು ನೀನೇ ತಾನೆ? ಮಣ್ಣು ತೆಗೆದ ಕೈ ಚೂರು ಕಲ್ಲೂ ತೆಗೆದ್ರೆ ಯಾರಿಗೆ ಗೊತ್ತಾಗತ್ತೆ?"

"ನಿನಗೆ ಗೊತ್ತಾಗತ್ತೆ," ಎಂದ ಓಟ್ಮಾರ್.

"ನಾನು ಬಾಯಿ ಬಿಡಲ್ಲ ಮಾರಾಯಾ."

"ಉಳಿ ಸೆಪ್ಪನ ಗೆಳೆಯನೂ ಹಾಗೇ ಅಂದಿದ್ದ."

ಉಳಿ ಸೆಪ್ ಪಕ್ಕದ ಊರಿನವನು. ಯಾವುದೋ ಕಾಲದಲ್ಲಿ ಒಂದೇ ಒಂದು ಹಿಡಿತವನ್ನು ಉಳಿಯಿಂದ ಕೆತ್ತಿ ದೊಡ್ಡದು ಮಾಡಿದ್ದ. ಅದಕ್ಕೂ ಮೊದಲು ಅವನು ಹತ್ತಿದ ದಾರಿಗಳೆಷ್ಟೋ, ಒಂದರ ಹೆಸರೂ ಅವನ ಜೊತೆ ಉಳಿಯಲಿಲ್ಲ. ಅವನ ಮಗಳ ಮದುವೆಯಲ್ಲಿ ಅವಳನ್ನು ಉಳಿಯ ಮಗಳು ಎಂದರು. ಅವನ ಶವಪೆಟ್ಟಿಗೆಯ ಹಿಂದೆ ನಡೆಯುವಾಗಲೂ ಯಾರೋ ಉಳಿ ಸೆಪ್ ಅಂದದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಆ ವಾರವೆಲ್ಲ ಓಟ್ಮಾರ್ ಊಟ ಸರಿಯಾಗಿ ಮಾಡಲಿಲ್ಲ. ಹುರಿದ ಹಂದಿ ಮಾಂಸವೂ ಕಡುಬೂ ತಟ್ಟೆಯಲ್ಲೇ ಆರಿದವು. ನನಗೆ ಬಂಡೆಯ ಮಾನ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು? ನಿಜ ಹೇಳಿದರೆ, ಅವನ ಆ ಮುಖ ನೋಡಲಾಗದೆ, ಆ ಸೊಟ್ಟ ಚಮಚ ಹಿಡಿದು ನಾನೇ ಹೋಗಿ ಕೆರೆದುಬಿಡಲೇ ಅನ್ನಿಸುತ್ತಿತ್ತು. ಆದರೆ ಕೆರೆದ ಮೇಲೆ ಅವನು ಯಾವ ಮುಖ ಹೊತ್ತು ಮನೆಗೆ ಬರುತ್ತಾನೆ? ಆ ಮುಖದ ಜೊತೆ ಬಾಳಬೇಕಾದವಳು ನಾನು. ಶನಿವಾರ ಬೆಳಿಗ್ಗೆ ಬುತ್ತಿ ಇಡಲು ಅವನ ಚೀಲ ತೆರೆದೆ. ಹಗ್ಗದ ಅಡಿಯಲ್ಲಿ ಸುತ್ತಿಗೆ, ಉಳಿ.

ಬುತ್ತಿ ಇಟ್ಟು ಚೀಲ ಮುಚ್ಚಿದೆ.

ಬಂಡೆಯ ಬುಡದಲ್ಲಿ ನಾವಿಬ್ಬರೇ. ಅವನು ಹಗ್ಗ ಕಟ್ಟಿಕೊಂಡ, ಸೊಂಟಕ್ಕೆ ಚೀಲ ಬಿಗಿದ. ನನ್ನ ಮುಖ ನೋಡಲಿಲ್ಲ. ತೂತಿನವರೆಗೆ ಹೋಗಿ ಹಗ್ಗಕ್ಕೆ ಭಾರ ಬಿಟ್ಟ. ಉಳಿ ಹೊರಗೆ ಬಂತು. ಬಿಸಿಲಿಗೆ ಮಿಂಚಿತು. ಅದರ ಬಾಯನ್ನು ತೂತಿನ ಅಂಚಿಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಸುತ್ತಿಗೆ.

ಕೂಗಬೇಕೆಂದುಕೊಂಡೆ. ಹಗ್ಗವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನ ಉಂಗುರ ನನ್ನ ಹೆಬ್ಬೆರಳಿಗೆ ಕೊರೆದುಕೊಂಡಿತು. ಯೇಸುವೇ, ಬೇಡ ಅಂತ ಅವನಿಗೇ ಅನ್ನಿಸಲಿ, ನಾನು ಹೇಳುವಂತಾಗದಿರಲಿ ಎಂದು ಬೇಡಿಕೊಂಡೆ. ಹೇಳಿದ್ದರೆ ಸಾಯುವ ತನಕ ಅದು ನಾನು ತಡೆದದ್ದಾಗುತ್ತಿತ್ತು.

ಏಟು ಬೀಳಲಿಲ್ಲ. ಸುತ್ತಿಗೆ ಚೀಲಕ್ಕೆ ಹೋಯಿತು. ಅವನು ಬೆರಳ ತುದಿಯನ್ನು ತೂತಿಗೆ ಇಟ್ಟು, ಹಣೆಯನ್ನು ಬಂಡೆಗೆ ಆನಿಸಿಕೊಂಡು ಸ್ವಲ್ಪ ಹೊತ್ತು ಇದ್ದ.

"ಇಳಿಸು ಕುನಿ."

ಇಳಿಯುವಾಗ ಮೊದಲ ಮೊಳೆಯ ಹತ್ತಿರ ನಿಲ್ಲಿಸು ಎಂದ. ಆ ಗುಲಾಬಿ ಬಣ್ಣದ ಪಟ್ಟಿಯ ಗಂಟು ಮಳೆ ಬಿಸಿಲಿಗೆ ಕಲ್ಲಾಗಿತ್ತು. ಉಳಿಯ ಬಾಯಿಂದ ಅದನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ನೆಲಕ್ಕೆ ಕಾಲಿಟ್ಟ ಮೇಲೆ ಕೇಳಿದೆ: "ಉಳಿ ಯಾಕೆ ತಂದೆ?"

"ಗಂಟು ಬಿಚ್ಚೋಕಾಗಲ್ಲ ಅಂತ ಗೊತ್ತಿತ್ತು," ಎಂದ.

"ಹೂಂ, ಒಳ್ಳೇದು ಮಾಡ್ದೆ," ಎಂದೆ. ನಾನು ನೋಡಿದ್ದು ಅವನಿಗೆ ಗೊತ್ತು. ಅವನನ್ನು ಅಪ್ಪಿಕೊಂಡು ಜೋರಾಗಿ ಅತ್ತೆ. ಅವನ ಕಣ್ಣೂ ಒದ್ದೆಯಾಗಿತ್ತು, ಹಿಡಿತಕ್ಕೆ ಕೈಗೆ ಬಳಿಯುವ ಸುಣ್ಣದ ಪುಡಿ ಬಿತ್ತು ಎಂದು ಒರೆಸಿಕೊಂಡ.

ಮರುದಿನ ಅವನೇ ಫ್ರೋನಿಗೆ ಫೋನು ಮಾಡಿದ. "ಪಟ್ಟಿ ಬಿಚ್ಚಿದೀನಿ. ಬಾ. ಉಳಿದ ಬೆರಳು ಮಡಚಬೇಡ, ಹರಿಯತ್ತೆ," ಎಂದಷ್ಟೇ. ಬೀಚ್ ಮರದ ಎಲೆ ಹಳದಿಯಾಗುವ ಹೊತ್ತಿಗೆ ಅವಳು ಅದನ್ನು ಒಂದೇ ಓಟಕ್ಕೆ ಹತ್ತಿದಳು. ಅವಳ ಹಗ್ಗ ಹಿಡಿದವನು ಓಟ್ಮಾರ್. ಅವಳ ಬೆರಳು ತೂತಿಗೆ ಸಲೀಸಾಗಿ ಹೋದಾಗ ಅವನ ಬಲಗೈಯ ದಪ್ಪ ಬೆರಳು ಹಗ್ಗದ ಮೇಲೆ ತಾನೇ ಮಡಚಿಕೊಂಡದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ. ಅವಳು ಮೇಲೆ ಮುಟ್ಟಿದ್ದೇ ಓಟ್ಮಾರ್, "ಪರವಾಗಿಲ್ಲ!" ಎಂದು ಕಣಿವೆಯೆಲ್ಲ ಕೇಳುವಂತೆ ಕೂಗಿದ.

ಬುಡದಲ್ಲಿ ಕೆಂಪು ಬೊಟ್ಟು ಇಟ್ಟು ಫ್ರೋನಿ, "ಹೆಸರು ನೀವೇ ಹೇಳಿ ಓಟ್ಮಾರ್" ಎಂದಳು.

"ಹತ್ತಿದವರ ಹಕ್ಕು. ನೀನೇ ಇಡು."

ಅವಳು ನನ್ನ ಕಡೆ ತಿರುಗಿದಳು. "ಹಾಗಾದ್ರೆ 'ಕುನಿಯ ಹೆಬ್ಬೆರಳು'. ನಾನು ಚಿಕ್ಕವಳಿದ್ದಾಗಿಂದ ನೋಡ್ತಿದೀನಿ, ಈ ಉಂಗುರ ಹಾಕ್ಕೊಂಡು ಇವರು ಇಲ್ಲೇ ನಿಂತಿರ್ತಾರೆ."

"ನನ್ನ ಬೆರಳಿಗೂ ನಿಮ್ಮ ಬಂಡೆಗೂ ಏನೇ ಸಂಬಂಧ?" ಎಂದು ಗದರಿದೆ. ಹೈನರ್ ನಕ್ಕು ನಕ್ಕು ಬಿಯರ್ ಚೆಲ್ಲಿಕೊಂಡ.

ಸೋಮವಾರ ಬಸ್ಸು ನಿಲ್ಲಿಸಿ ಮನೆಗೆ ಬಂದ ಓಟ್ಮಾರ್ ಅಡುಗೆಮನೆಯಲ್ಲಿ ಕೈ ಚಾಚಿದ. "ಉಂಗುರ ಕೊಡು."

"ಯಾಕೆ?"

"ಅಕ್ಕಸಾಲಿಗನ ಹತ್ರ. ಹಿಗ್ಗಿಸಿಕೊಂಡು ಬರ್ತೀನಿ. ಬೆರಳು ಇನ್ನು ಇಷ್ಟೇ."

ಉಂಗುರ ಕಳಚುವಾಗ ಹೆಬ್ಬೆರಳಲ್ಲಿ ಬಿಳಿ ಗುರುತು ಉಳಿಯಿತು. ಅವನು ಬಾಗಿಲವರೆಗೆ ಹೋಗಿ ತಿರುಗಿ, "ತೀರಾ ಬಿಗಿ ಬೇಡ ಅಂತ ಹೇಳ್ತೀನಿ. ಶನಿವಾರ ತೆಗೀಬೇಕಲ್ಲ," ಎಂದ.

ಆ ಶನಿವಾರ ಹಳ್ಳದಾಚೆಯ ಒಂದು ಸುಲಭದ ಬಂಡೆಗೆ ಹೋದೆವು, ಮುಷ್ಟಿ ಹಿಡಿಸುವಂಥ ತೂತುಗಳಿರುವ ಬಂಡೆ. ಬುಡದಲ್ಲಿ ಅವನು ಅಭ್ಯಾಸಬಲದಿಂದ ಉಂಗುರ ಕಳಚಿ ನನ್ನ ಹೆಬ್ಬೆರಳಿಗೆ ತೊಡಿಸಿದ. ಅದು ನಿಲ್ಲದೆ ಜಾರಿ ಒಣ ಎಲೆಯೊಳಗೆ ಬಿತ್ತು. ಇಬ್ಬರೂ ಮಂಡಿಯೂರಿ ಎಲೆ ಕೆದಕಿದೆವು, ಒಬ್ಬರನ್ನೊಬ್ಬರು ಬೈದುಕೊಂಡೆವು. ಸಿಕ್ಕಿತು. ಈಗ ನನ್ನ ಯಾವ ಬೆರಳಿಗೂ ಅದು ದೊಡ್ಡದು.

"ಇನ್ನೆಲ್ಲಿ ಇಟ್ಕೊಳ್ಳೋದು ಇದನ್ನ? ಹಗ್ಗಕ್ಕೆ ಎರಡೂ ಕೈ ಬೇಕು ನನಗೆ," ಎಂದೆ.

ಅವನು ಜೇಬಿಗೆ ಕೈ ಹಾಕಿ ಆ ಬಣ್ಣಗೆಟ್ಟ ಪಟ್ಟಿ ತೆಗೆದ. ಉಂಗುರ ಪೋಣಿಸಿ ನನ್ನ ಕೊರಳಿಗೆ ಕಟ್ಟಿದ. ದಪ್ಪ ಬೆರಳಿಗೆ ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು, ನಾನು ಕತ್ತು ಬಗ್ಗಿಸಿಕೊಂಡು ನಿಂತೇ ಇದ್ದೆ.

"ಆಯ್ತಾ?" ಎಂದೆ.

"ಆಯ್ತು."

"ಹತ್ತು ಹಾಗಾದ್ರೆ. ಹಿಡಿದಿದೀನಿ."